ಮೂರನೇ ಹಾಡಿಗೆ ಗಂಟಲು ಬಿಚ್ಚಿದರೆ ಮೊದಲೆರಡು ಹಾಡಿನ ಗತಿ ಏನು?

ಐದುಮನೆ_ಶ್ರುತಿ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನೇನು ದೊಡ್ಡ ಹಾಡುಗಾರ್ತಿ ಅಲ್ಲ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿ, ಆಮೇಲೆ ಓದು, ಕೆಲಸ, ಮದುವೆ, ಮಗು ಅಂತ ಹತ್ತು ವರ್ಷ ತಂಬೂರಿ ಮುಟ್ಟಲಿಲ್ಲ. ಎರಡು ವರ್ಷದಿಂದ ಮತ್ತೆ ಪಾಠಕ್ಕೆ ಹೋಗುತ್ತಿದ್ದೇನೆ. ಇನ್ನು ಒಂಬತ್ತು ದಿನಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗಣೇಶ ಹಬ್ಬ. ನನಗೆ ಮೂರು ಹಾಡು ಕೊಟ್ಟಿದ್ದಾರೆ.

ತೊಂದರೆ ಏನೆಂದರೆ ನನ್ನ ಗಂಟಲು ಬಿಚ್ಚಿಕೊಳ್ಳುವುದೇ ಮೂರನೇ ಹಾಡಿಗೆ. ಮೊದಲನೆಯದು ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿರುತ್ತದೆ. ಎರಡನೆಯದು ಸುಮಾರು. ಮೂರನೆಯದು ಚೆನ್ನಾಗಿ ಬರುವ ಹೊತ್ತಿಗೆ "ಟೈಮ್ ಆಯ್ತು ಮೇಡಂ" ಅಂತ ಮೈಕ್ ಇಸಿದುಕೊಳ್ಳುತ್ತಾರೆ.

ಹೋದ ವರ್ಷ ರಾಜ್ಯೋತ್ಸವದ ದಿನ ಹೀಗಾಗಬಾರದು ಅಂತ ಬೇಸ್‌ಮೆಂಟಿನಲ್ಲಿ ಕಾರಿನ ಗಾಜು ಏರಿಸಿಕೊಂಡು ಒಂದು ಗಂಟೆ ಪೂರ್ತಿ ಗಂಟಲಲ್ಲಿ ಹಾಡಿದೆ. ಮೇಲಿನ ಷಡ್ಜ (ಸ), ಅದರ ಮೇಲಿನ ಗಾಂಧಾರ (ಗ), ಬರೀ ಅದನ್ನೇ ಹಿಡಿದು ಹಿಡಿದು ಹಾಡಿದೆ, ಯಾಕೆಂದರೆ ನನಗೆ ಭಯ ಇದ್ದದ್ದೇ ಅಲ್ಲಿ. ವೇದಿಕೆ ಮೇಲೆ ಪಲ್ಲವಿ ಚೆನ್ನಾಗಿಯೇ ಬಂತು. ಚರಣಕ್ಕೆ ಹೋದರೆ ಧ್ವನಿ ಒಡೆದು ಬರೀ ಗಾಳಿ. ಮೊದಲ ಸಾಲಿನಲ್ಲಿ ಕೂತಿದ್ದ ನಮ್ಮತ್ತೆ ನೀರಿನ ಬಾಟಲಿ ಎತ್ತಿ ತೋರಿಸಿದರು, ಅದನ್ನು ನೋಡಿ ನಗು ಬೇರೆ ಬಂತು. ವಿಡಿಯೋ ಇನ್ನೂ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿದೆ.

ಹಾಗಾದರೆ ಗಂಟಲು ಕಾಯಿಸದೆ ಹೋದರೂ ಕಷ್ಟ, ಕಾಯಿಸಿಕೊಂಡು ಹೋದರೂ ಕಷ್ಟವಾ? ನೀವೆಲ್ಲ ಹಾಡುವ ಮುಂಚೆ ಏನು ಮಾಡುತ್ತೀರಿ? ಪಕ್ಕದ ಮನೆಯಲ್ಲಿ ಹಸುಗೂಸು ಇದೆ, ಬೆಳಗ್ಗೆ ಐದಕ್ಕೆ ಎದ್ದು ಕೂಗಿ ಎನ್ನುವವರು ದಯವಿಟ್ಟು ಅದನ್ನು ನೆನಪಿಟ್ಟುಕೊಳ್ಳಿ.

ವರ್ಣದಿಂದ_ಶುರು

ನೀವು ಕಾರಿನಲ್ಲಿ ಮಾಡಿದ್ದು ಗಂಟಲು ಕಾಯಿಸುವುದಲ್ಲಮ್ಮ, ಸಾಧಕ, ಅಂದರೆ ಅಭ್ಯಾಸ. ಅದೂ ಕಚೇರಿಯ ದಿನ ಮಾಡಬಾರದ ಸಾಧಕ. ನಾನು ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಪರೀಕ್ಷೆ ದಿನ ಅರ್ಧ ಮಕ್ಕಳು ಹೀಗೇ ಗಂಟಲು ಖಾಲಿ ಮಾಡಿಕೊಂಡು ಬರುತ್ತಾರೆ. ಬರದ ಸಂಗತಿಯನ್ನು ಕೊನೇ ಗಂಟೆಯಲ್ಲಿ ಬರಿಸಲು ಹೋಗುವುದು, ಅದೇ ತಪ್ಪು. ಅಷ್ಟು ಹೊತ್ತಿಗೆ ಬಂದಿರುವುದು ಬಂದಿರುತ್ತದೆ, ಬಾರದ್ದು ಬಾರದು.

ಕಾಯಿಸುವುದಕ್ಕೆ ಹದಿನೈದು ನಿಮಿಷ ಸಾಕು. ನಾನು ಮಾಡಿಸುವುದು ಹೀಗೆ. ಮೊದಲು ಶ್ರುತಿ ಹಾಕಿಕೊಂಡು ಸುಮ್ನೆ ಒಂದು ನಿಮಿಷ ಕೇಳುವುದು. ಇದನ್ನು ಯಾರೂ ಮಾಡುವುದಿಲ್ಲ, ಶ್ರುತಿಪೆಟ್ಟಿಗೆ ಒತ್ತಿದ ತಕ್ಷಣ ಬಾಯಿ ತೆರೆದುಬಿಡುತ್ತಾರೆ. ಆಮೇಲೆ ಬಾಯಿ ಮುಚ್ಚಿ "ಮ್" ಅಂತ ಮಧ್ಯ ಷಡ್ಜ, ಮೂಗಿನ ಬುಡ ಮತ್ತು ತುಟಿ ಸಣ್ಣಗೆ ಕಚಗುಳಿ ಇಟ್ಟ ಹಾಗೆ ಆಗಬೇಕು. ಅದೇ ಮುಚ್ಚಿದ ಬಾಯಲ್ಲಿ ಷಡ್ಜದಿಂದ ಪಂಚಮಕ್ಕೆ (ಪ) ಜಾರಿ, ಮತ್ತೆ ಷಡ್ಜಕ್ಕೆ ಇಳಿಯುವುದು. ಮೊದಲ ಐದು ನಿಮಿಷ ಪಂಚಮ ದಾಟಬೇಡಿ. ನಂತರ ಸರಳೆ ವರಸೆ (ಸರಿಗಮಪದನಿಸ ಪಾಠ) ಒಂದನೆಯದು, ವಿಳಂಬದಲ್ಲಿ ಅಂದರೆ ನಿಧಾನವಾಗಿ, "ಆ" ಅಂತ ಅಕಾರದಲ್ಲಿ, ಅರ್ಧ ಗಂಟಲಲ್ಲಿ. ಜಂಟಿ ವರಸೆ (ಸಸ ರಿರಿ ಅಂತ ಜೋಡಿ ಸ್ವರ) ಈಗಲೇ ಬೇಡ, ಎರಡನೇ ಸ್ವರಕ್ಕೆ ಒತ್ತು ಕೊಡಬೇಕಲ್ಲ, ತಣ್ಣಗಿರುವ ಗಂಟಲಿಗೆ ಅದು ಗುದ್ದಿದ ಹಾಗೆ. ಕೊನೆಗೆ ಬೇಕಾದರೆ ಒಂದು ಸಲ ಮೇಲಿನ ಷಡ್ಜ ಮುಟ್ಟಿ. ಮುಟ್ಟಿ ಅಂದೆ, ಅಲ್ಲೇ ನಿಲ್ಲಿ ಅನ್ನಲಿಲ್ಲ.

ಕಚೇರಿಯಲ್ಲಿ ಮೊದಲು ವರ್ಣ ಅನ್ನುವ ರಚನೆ ಹಾಡುವುದು ಸುಮ್ನೆ ಅಲ್ಲ. ಈಗಿನ ಕಚೇರಿ ಕ್ರಮವನ್ನು ಗಟ್ಟಿ ಮಾಡಿದವರು ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890–1967), ಅವರು ವರ್ಣದಿಂದಲೇ ಶುರು ಮಾಡುತ್ತಿದ್ದರು. ವರ್ಣದಲ್ಲಿ ಮೂರೂ ಸ್ಥಾಯಿ ಬರುತ್ತದೆ, ಗಮಕ ಬರುತ್ತದೆ, ಎರಡು ಕಾಲ (ವೇಗ) ಬರುತ್ತದೆ, ಆದರೆ ಎಲ್ಲ ಮೊದಲೇ ಕಟ್ಟಿಟ್ಟದ್ದು, ತಲೆ ಓಡಿಸುವ ಕೆಲಸ ಕಡಿಮೆ. ಗಂಟಲು, ಪಕ್ಕವಾದ್ಯ, ಮೈಕು, ಕೇಳುಗರ ಕಿವಿ ನಾಲ್ಕೂ ಒಟ್ಟಿಗೆ ಹದಕ್ಕೆ ಬರುತ್ತವೆ. ನಿಮಗೆ ಮೂರೇ ಹಾಡು, ವರ್ಣಕ್ಕೆ ಜಾಗ ಇಲ್ಲ. ಹಾಗಾದರೆ ಮೊದಲ ಹಾಡನ್ನೇ ವರ್ಣದ ಕೆಲಸ ಮಾಡುವಂಥದ್ದು ಆರಿಸಿಕೊಳ್ಳಿ. ಚರಣ ಮೇಲಕ್ಕೆ ಹಾರುವ ಹಾಡನ್ನು ಮೊದಲಿಗೆ ಇಟ್ಟುಕೊಂಡವರು ಯಾರು, ನೀವೇನಾ?

ಐದುಮನೆ_ಶ್ರುತಿ

ನಾನೇ ಮೇಡಂ. ಎಲ್ಲರಿಗೂ ಗೊತ್ತಿರುವ ಹಾಡು, ಚಪ್ಪಾಳೆ ಬರುತ್ತದೆ ಅಂತ.

ಖರ್ಜದ_ಕಾಕಾ

ಅಲ್ರಿ ಮೇಡಂ, ಷಡ್ಜದ ಕೆಳಗಿನ ಮಂದ್ರ ಸ್ಥಾಯಿಯ ಮಾತೇ ಎತ್ತಲಿಲ್ಲ ನೀವು? ನಮ್ಮ ಧಾರವಾಡ ಕಡೆ ಗಂಟಲು ಅಂದ್ರೆ ಮೊದಲು ಖರ್ಜ, ಅಂದ್ರೆ ಕೆಳಗಿನ ಸ್ವರಗಳ ಸಾಧನೆ. ಬೆಳಗಿನ ಜಾವ ತಂಬೂರಿ ಮುಂದೆ ಕೂತು ಮಂದ್ರ ಷಡ್ಜದ ಕಡೆ ಒಂದೊಂದೇ ಸ್ವರ ಇಳಿಯುತ್ತ ಹೋಗಬೇಕು, ಒಂದು ಸ್ವರದ ಮೇಲೆ ಉಸಿರು ಮುಗಿಯುವ ತನಕ ನಿಲ್ಲಬೇಕು. ನಾನು 1978ರಿಂದ ಮಾಡುತ್ತಿದ್ದೇನೆ. ಈಗ ಅರವತ್ತೆಂಟು ನಡೆಯುತ್ತಿದೆ, ಎರಡು ತಾಸು ಹಾಡಿದರೂ ಗಂಟಲು ಕಟ್ಟುವುದಿಲ್ಲ.

ನಮ್ಮ ಹಿಂದೂಸ್ತಾನಿ ಸಂಗೀತದಲ್ಲಿ ಕಾಯಿಸುವುದಕ್ಕೆ ಬೇರೆ ಹೊತ್ತು ಬೇಕಿಲ್ಲ ನೋಡ್ರಿ. ಬಡಾ ಖ್ಯಾಲ ಅನ್ನುವ ದೊಡ್ಡ ಗಾಯನ ಶುರುವಾಗುವುದೇ ನಿಧಾನ. ಷಡ್ಜದ ಸುತ್ತ ಅರ್ಧ ಗಳಿಗೆ ಓಡಾಡಿ, ಮಂದ್ರಕ್ಕೆ ಇಳಿದು, ಒಂದೊಂದೇ ಸ್ವರ ಏರಿ ತಾರ ಷಡ್ಜ ಮುಟ್ಟುವ ಹೊತ್ತಿಗೆ ಗಂಟಲು ತಾನೇ ಕಾದಿರುತ್ತದೆ. ತಾನ್, ಅಂದ್ರೆ ಸ್ವರಗಳ ವೇಗದ ಓಟ, ಬರುವುದು ಎಷ್ಟೋ ಆಮೇಲೆ. ಹಿಂದಿನವರು ಸುಮ್ನೆ ಇಟ್ಟಿಲ್ಲ ಇದನ್ನೆಲ್ಲ.

ಗಂಗೂಬಾಯಿ ಹಾನಗಲ್ ಅವರು (1913–2009) ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಹತ್ತಿರ ಕಲಿತರು. ಅವರ 1930ರ ದಶಕದ ರೆಕಾರ್ಡು ಕೇಳಿ, ಸಣ್ಣ ಹೆಣ್ಣುದನಿ. ಆಮೇಲೆ ಗಂಟಲಿನ ಚಿಕಿತ್ಸೆ ಆಗಿ ಧ್ವನಿ ಪೂರಾ ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ಹಾಡುವುದೇ ಬಿಡುತ್ತಿದ್ದರು. ಅವರು ಆ ದಪ್ಪ ದನಿಗೇ ತಕ್ಕ ಹಾಗೆ ಗಾಯನ ಕಟ್ಟಿಕೊಂಡರು. ಸಾಧನೆ ಅಂದ್ರೆ ಅದು. ಅಪಾರ್ಟ್‌ಮೆಂಟು, ಹಸುಗೂಸು ಎಲ್ಲ ನೆವ.

ವರ್ಣದಿಂದ_ಶುರು

ಕಾಕಾ, ಮಂದ್ರ ಸಾಧನೆಯನ್ನು ನಾನು ಬೇಡ ಅನ್ನುವುದಿಲ್ಲ. ನಮ್ಮಲ್ಲೂ ತಗ್ಗುಸ್ಥಾಯಿ ವರಸೆ ಇದೆ. ಆದರೆ ಅದು ವರ್ಷಗಟ್ಟಲೆ ಮಾಡುವ ಕೆಲಸ, ಇವರು ಕೇಳುತ್ತಿರುವುದು ಸಂಜೆ ಆರಕ್ಕೆ ವೇದಿಕೆ ಹತ್ತುವವಳು ಐದೂವರೆಗೆ ಏನು ಮಾಡಬೇಕು ಅಂತ.

ಇನ್ನೊಂದು. ನೀವು ಗಂಡಸರು ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಹಾಡುತ್ತೀರಿ, ಮಂದ್ರ ಪಂಚಮ ನಿಮಗೆ ಸಲೀಸು. ಇವರ ಶ್ರುತಿ ಐದು ಮನೆ, ಅಂದರೆ ನಿಮ್ಮ ಲೆಕ್ಕದ ಬಿಳಿ ಐದು. ಎಷ್ಟೋ ಹೆಣ್ಣುಮಕ್ಕಳಿಗೆ ಅಲ್ಲಿ ಮಂದ್ರ ಪಂಚಮ ಮುಟ್ಟುವುದೇ ಕಷ್ಟ. ಇಳಿಯಲೇಬೇಕು ಅಂತ ಗದ್ದ ಎದೆಗೆ ಒತ್ತಿಕೊಂಡು, ಗಂಟಲು ಗುಮ್ಮಿಸಿ ದನಿ ತೆಗೆಯುತ್ತಾರೆ, ಆಮೇಲೆ ಮೇಲಕ್ಕೆ ಬರುವಾಗ ಗಂಟಲು ಬಿಡುವುದೇ ಇಲ್ಲ. ನನ್ನ ಹತ್ತಿರ ಬಂದ ಒಬ್ಬ ಹುಡುಗಿಗೆ ಹಳೇ ಮೇಷ್ಟ್ರೊಬ್ಬರು ಆರು ತಿಂಗಳು ಹೀಗೆ ಮಂದ್ರ ಒತ್ತಿಸಿದ್ದರು. ಅದನ್ನು ಬಿಡಿಸಲು ನನಗೆ ಒಂದು ವರ್ಷ ಹಿಡಿಯಿತು.

ಖರ್ಜದ_ಕಾಕಾ

ಒತ್ತಿಸಿದರೆ ತಪ್ಪೇ ಬಿಡ್ರಿ. ಖರ್ಜ ಒತ್ತುವುದಲ್ಲ, ಬಿಡುವುದು. ಅದನ್ನು ಬರೆದು ಹೇಳಲು ಆಗುವುದಿಲ್ಲ, ಎದುರು ಕೂಡಿಸಿಕೊಂಡೇ ತೋರಿಸಬೇಕು. ಆದರೆ ನಿಮ್ಮ ಮಾತು ಒಪ್ಪಿದೆ, ಸಂಜೆ ಕಾರ್ಯಕ್ರಮ ಇದ್ದರೆ ನಾನೂ ಅವತ್ತು ಬೆಳಗ್ಗೆ ಅರ್ಧ ತಾಸೇ ಮಾಡುವುದು.

ಧ್ವನಿ_ಡೆಸ್ಕ್

ನಾನು ವಾಕ್ ಚಿಕಿತ್ಸೆ ಕೆಲಸದಲ್ಲಿ ಇರುವವನು. ಗಾಯಕನಲ್ಲ, ಆದರೆ ಗಾಯಕರ ಗಂಟಲು ದಿನಾ ನೋಡುತ್ತೇನೆ. ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಆಗ ಮೇಲಿನ ಇಬ್ಬರ ಮಾತೂ ಎಲ್ಲಿ ಕೂಡುತ್ತದೆ ಗೊತ್ತಾಗುತ್ತದೆ.

ಧ್ವನಿ ತಂತು ಅನ್ನುತ್ತೇವೆ, ಆದರೆ ಅವು ತಂತಿಯಲ್ಲ. ಎರಡು ಮೆತ್ತನೆಯ ಮಡಿಕೆ, ಹೆಂಗಸರಲ್ಲಿ ಒಂದೂವರೆ ಸೆಂಟಿಮೀಟರ್ ಆಸುಪಾಸು, ಗಂಡಸರಲ್ಲಿ ಎರಡರ ಆಸುಪಾಸು. ಸೆಕೆಂಡಿಗೆ ಅವು ಎಷ್ಟು ಸಲ ಬಡಿದುಕೊಳ್ಳುತ್ತವೋ ಅಷ್ಟು ಎತ್ತರ ಸ್ವರ. ಐದು ಮನೆ ಷಡ್ಜ ಅಂದರೆ ಸೆಕೆಂಡಿಗೆ 196 ಸಲ. ಮೇಲಿನ ಷಡ್ಜಕ್ಕೆ 392. ಹೋದ ವರ್ಷ ನೀವು ಕಾರಿನಲ್ಲಿ ಹಿಡಿದು ಹಿಡಿದು ಹಾಡಿದ ಗಾಂಧಾರ ಸುಮಾರು 490. ಐದು ನಿಮಿಷದ ಹಾಡನ್ನು ಸರಾಸರಿ 250ರಲ್ಲಿ ಹಾಡಿದರೂ ಮುಕ್ಕಾಲು ಲಕ್ಷ ಸಲ ಚಪ್ಪಾಳೆ. ಈಗ ಕೈಯಲ್ಲಿ ಅಷ್ಟು ಚಪ್ಪಾಳೆ ಹೊಡೆದು ನೋಡಿ! ಒಂದು ಗಂಟೆ ಜೋರಾಗಿ ಮೇಲೇ ಹಾಡಿದರೆ ಆ ಮಡಿಕೆಗಳು ಸ್ವಲ್ಪ ಊದಿಕೊಳ್ಳುತ್ತವೆ, ಅಂಚು ಸರಿಯಾಗಿ ಕೂಡುವುದಿಲ್ಲ, ಸಂದಿನಿಂದ ಗಾಳಿ ಸೋರುತ್ತದೆ. ನಿಮ್ಮ ಚರಣದಲ್ಲಿ ಬಂದ "ಬರೀ ಗಾಳಿ" ಅದೇ.

ಮಡಿಕೆಯ ಒಳಗೇ ಒಂದು ಸ್ನಾಯು ಇದೆ, ಅದು ಬಿಗಿದರೆ ಮಡಿಕೆ ಗಿಡ್ಡ, ದಪ್ಪ, ದನಿ ಕೆಳಗೆ. ಹೊರಗಿನ ಇನ್ನೊಂದು ಸ್ನಾಯು ಎಳೆದರೆ ಮಡಿಕೆ ಉದ್ದ, ತೆಳು, ದನಿ ಮೇಲೆ. ಕೆಳಗಿಂದ ಮೇಲಕ್ಕೆ ಹೋಗುವಾಗ ಒಂದು ಬಿಡುತ್ತಾ ಇನ್ನೊಂದು ಹಿಡಿಯಬೇಕು. ಕಾಯಿಸುವುದು ಅಂದರೆ ಮುಖ್ಯವಾಗಿ ಈ ಕೊಡು-ಕೊಳ್ಳುವಿಕೆ ನಯ ಆಗುವುದು. ಅದಕ್ಕೇ ಜಾರುವ ಸ್ವರ ಒಳ್ಳೆಯದು, ಮೇಡಂ ಹೇಳಿದ ಹಾಗೆ. ಮಂದ್ರವನ್ನು ಗಂಟಲು ಗುಮ್ಮಿಸಿ ಒತ್ತಿದರೆ ಒಂದೇ ಸ್ನಾಯು ಬಿಗಿದು ಕೂರುತ್ತದೆ, ಆಮೇಲೆ ಬಿಡು ಅಂದರೆ ಬಿಡುವುದಿಲ್ಲ.

ಹಸುಗೂಸು ಇರುವ ಮನೆಯ ಪಕ್ಕ ಮಾಡಬಹುದಾದದ್ದು ಎರಡು. ಒಂದು, ತುಟಿ ಬುರ್ರ್ ಅನ್ನಿಸುವುದು. ಮಕ್ಕಳು ಲಾರಿ ಓಡಿಸುವಾಗ ಮಾಡುತ್ತಾರಲ್ಲ, ಅದೇ, ಸ್ವರ ಸೇರಿಸಿಕೊಂಡು. ತುಟಿ ನಿಂತುಹೋಗುತ್ತಿದ್ದರೆ ಎರಡು ಬೆರಳಿಂದ ಕೆನ್ನೆ ಮೆಲ್ಲಗೆ ಮೇಲಕ್ಕೆ ಒತ್ತಿಕೊಳ್ಳಿ. ಎರಡು, ಸ್ಟ್ರಾ. ಅರ್ಧ ಲೋಟ ನೀರು, ಸ್ಟ್ರಾ ತುದಿ ಎರಡು ಸೆಂಟಿಮೀಟರ್ ಮುಳುಗಿರಲಿ, "ಊ" ಅಂತ ಹಾಡುತ್ತಾ ಗುಳ್ಳೆ ಬಿಡಿ. ಗುಳ್ಳೆ ಒಂದೇ ಸಮ ಬರಬೇಕು. ಅಮೆರಿಕದ ಧ್ವನಿ ವಿಜ್ಞಾನಿ ಇಂಗೋ ಟಿಟ್ಜೆ ಅವರು ಇದನ್ನು ಬಹಳ ಜನಪ್ರಿಯ ಮಾಡಿದರು. ಬಾಯಿ ತುದಿ ಕಿರಿದಾದಾಗ ಒಳಗೆ ಗಾಳಿಯ ಒತ್ತಡ ಹಿಂದಕ್ಕೆ ಬರುತ್ತದೆ, ಮಡಿಕೆಗಳನ್ನು ಮೆಲ್ಲಗೆ ಬಿಡಿಸಿ ಹಿಡಿಯುತ್ತದೆ, ಆಗ ಅವು ಗುದ್ದಿಕೊಳ್ಳದೆ ಮೆತ್ತಗೆ ತಾಗುತ್ತವೆ. ದನಿ ಹೊರಗೆ ಕೇಳಿಸುವುದೂ ಕಡಿಮೆ.

ಕರೋಕೆ_ಕಿಟ್ಟಿ

ಸ್ಟ್ರಾ ಎಲ್ಲಿ ಸಿಗುತ್ತೆ ಸ್ವಾಮಿ ಈಗ? ಪ್ಲಾಸ್ಟಿಕ್ಕಿನದು 2022ರ ಜುಲೈನಲ್ಲೇ ನಿಷೇಧ ಆಯಿತು. ಜ್ಯೂಸ್ ಅಂಗಡಿಯ ಪೇಪರ್ ಸ್ಟ್ರಾದಲ್ಲಿ ಮಾಡಿದೆ, ಪಂಚಮ ಬರೋದರೊಳಗೆ ಕರಗಿ ಬಾಯಿಗೆ ಬಂತು.

ಖರ್ಜದ_ಕಾಕಾ

ಪರಂಗಿ ಎಲೆಯ ದಂಟು ತೊಗೊಳ್ರಿ. ನಾವು ಸಣ್ಣವರಿದ್ದಾಗ ಅದರಿಂದಲೇ ಗುಳ್ಳೆ ಬಿಡುತ್ತಿದ್ದದ್ದು, ಪೀಪಿ ಊದುತ್ತಿದ್ದದ್ದು.

ಧ್ವನಿ_ಡೆಸ್ಕ್

ಕಾಕಾ, ಅದರ ಹಾಲು ತುಟಿಗೆ ತಾಗಿದರೆ ಉರಿ, ತುರಿಕೆ. ಸ್ಟೀಲ್ ಸ್ಟ್ರಾ ಸಿಗುತ್ತದೆ, ತೊಳೆದು ಇಟ್ಟುಕೊಳ್ಳಬಹುದು. ಹಲ್ಲಲ್ಲಿ ಕಚ್ಚಬೇಡಿ, ತುಟಿಯಲ್ಲಿ ಹಿಡಿಯಿರಿ ಅಷ್ಟೇ.

ಚೌಕಿ_ಮೂಲೆ

ನಮ್ಮದು ಕರಾವಳಿ ಮಾರಾಯ್ರೆ, ಇಲ್ಲಿ ಹಾಡುವುದು ಅಂದರೆ ಯಕ್ಷಗಾನದಲ್ಲಿ ಎದುರು ಚೆಂಡೆ ಇಟ್ಟುಕೊಂಡು ಹಾಡುವುದು. ನಾನು ಭಾಗವತ (ಆಟದ ಹಾಡುಗಾರ) ಅಲ್ಲ, ಹವ್ಯಾಸಿ ತಂಡದಲ್ಲಿ ಸಣ್ಣಪುಟ್ಟದಕ್ಕೆ ಕೂರುತ್ತೇನೆ. ಆದರೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೂತು ನೋಡಿದ್ದು ತುಂಬಾ.

ಇಡೀ ರಾತ್ರಿಯ ಆಟದಲ್ಲಿ ಮುಖ್ಯ ಭಾಗವತರು ಮೊದಲಿಗೇ ಬಂದು ಕೂರುವುದಿಲ್ಲ. ಕಥೆಗೆ ಮುಂಚಿನ ಪೂರ್ವರಂಗದ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಇದಕ್ಕೆಲ್ಲ ಸಂಗೀತಗಾರ ಅಂತ ಕಿರಿಯವರು ಕೂತು ಹಾಡುತ್ತಾರೆ. ಅವರಿಗೆ ಅದೇ ಶಾಲೆ. ಮುಖ್ಯ ಭಾಗವತರು ಅಷ್ಟು ಹೊತ್ತು ಚೌಕಿಯಲ್ಲಿ ಒಂದು ಮೂಲೆಯಲ್ಲಿ ಕೂತು, ರಂಗದಿಂದ ಕೇಳುವ ಶ್ರುತಿಗೆ ಸೇರಿಕೊಂಡು ಬಾಯೊಳಗೇ ಗುನುಗುತ್ತಾ ಇರುತ್ತಾರೆ. ಒಬ್ಬ ಹಿರಿಯರನ್ನು ನೋಡಿದ್ದೆ, ಒಂದು ಕೈ ತೊಡೆ ಮೇಲೆ ತಾಳ, ಇನ್ನೊಂದು ಕೈಯಲ್ಲಿ ಎಲೆ ಅಡಿಕೆ, ಪಕ್ಕದಲ್ಲಿ ಬಣ್ಣ ಹಚ್ಚುವವನಿಗೂ ಕೇಳದಷ್ಟು ಸಣ್ಣಗೆ ಅವತ್ತಿನ ಪ್ರಸಂಗದ ಪದ್ಯದ ಎತ್ತುಗಡೆ, ಅಂದರೆ ಶುರುವಿನ ತುಣುಕು, ಮಾತ್ರ. ಪೂರ್ತಿ ಪದ್ಯ ಹಾಡುವುದಿಲ್ಲ, ಬರೀ ಎತ್ತುಗಡೆ, ಮುಂದಿನ ಪದ್ಯದ ಎತ್ತುಗಡೆ, ಹೀಗೆ. ಗಂಟೆ ಹನ್ನೊಂದಕ್ಕೆ ಹೋಗಿ ಕೂತು ಬಾಯಿ ತೆರೆದರೆ ಚೆಂಡೆಯ ಮೇಲೆ ದನಿ ಹೋಗುತ್ತಿತ್ತು.

ಈಗ ಕೆಲವೇ ಗಂಟೆಯ ಕಾಲಮಿತಿ ಆಟ. ನಮ್ಮ ತಂಡದಲ್ಲಿ ಪೂರ್ವರಂಗ ಹತ್ತು ನಿಮಿಷಕ್ಕೆ ಇಳಿದಿದೆ, ಆಫೀಸಿನಿಂದ ಬೈಕಿನಲ್ಲಿ ಬಂದು ಹೆಲ್ಮೆಟ್ ಇಟ್ಟು ನೇರ ಕೂತು ಹಾಡುವುದು. ಅರ್ಧ ಆಟಕ್ಕೆ ಗಂಟಲು ಹೋಗುತ್ತದೆ. ಮತ್ತೆ ಮೈಕ್‌ನವನಿಗೆ ಬೈಯುವುದು.

ಐದುಮನೆ_ಶ್ರುತಿ

ಎತ್ತುಗಡೆ ಮಾತ್ರ ಗುನುಗುವುದು! ಇದು ನನಗೆ ಹೊಳೆದೇ ಇರಲಿಲ್ಲ. ನಾನು ಗುನುಗಲು ಶುರು ಮಾಡಿದರೆ ಹಾಡು ಪೂರ್ತಿ ಮುಗಿಸಿಯೇ ಬಿಡುತ್ತೇನೆ.

ಇವತ್ತಿನ ವರದಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ತುಟಿ ಬುರ್ರ್ ಅನ್ನಿಸುತ್ತಾ ಷಡ್ಜದಿಂದ ಪಂಚಮಕ್ಕೆ ಹೋಗುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಡೆಲಿವರಿ ಹುಡುಗ ಹೆಲ್ಮೆಟ್ಟಿನ ಗಾಜು ಎತ್ತಿ ಗಾಬರಿಯಿಂದ ನೋಡಿದ. ಏನೂ ಇಲ್ಲಪ್ಪ ಅಂತ ಕೈ ಮಾಡಿದೆ. ಆ ಸಿಗ್ನಲ್ಲು ನಾಲ್ಕು ಸಲ ಕೆಂಪಾಗುವಷ್ಟರಲ್ಲಿ ನನ್ನ ಹದಿನೈದು ನಿಮಿಷ ಮುಗಿದೇ ಹೋಯಿತು. ಬೆಂಗಳೂರಿನ ಟ್ರಾಫಿಕ್ಕಿಗೆ ಮೊದಲ ಸಲ ಒಂದು ಉಪಯೋಗ ಕಂಡೆ.

ಮನೆಗೆ ಬಂದು ಹಾಡಿದರೆ ವ್ಯತ್ಯಾಸ ಇದೆ. ಕಂಬಳಿ ಪೂರ್ತಿ ಹೋಗಿಲ್ಲ, ತೆಳ್ಳಗಾಗಿದೆ.

ಇನ್ನೂ ಮೂರು ಅನುಮಾನ. ಅತ್ತೆ ಜೇಷ್ಠಮಧು, ಕಾಳುಮೆಣಸು, ಕಲ್ಲುಸಕ್ಕರೆ ಬಾಯಲ್ಲಿಟ್ಟುಕೋ ಅನ್ನುತ್ತಾರೆ, ಅದರಿಂದ ನಿಜಕ್ಕೂ ಏನಾದರೂ ಆಗುತ್ತದಾ? ಮೊಸರು ಬಿಡಬೇಕಾ? ನನಗೆ ದಿನಕ್ಕೆ ಐದಾರು ಗಂಟೆ ಮೀಟಿಂಗು, ಹಾಡುವುದಕ್ಕಿಂತ ಜಾಸ್ತಿ ಮಾತಾಡುತ್ತೇನೆ, ಅದು ಲೆಕ್ಕಕ್ಕೆ ಬರುತ್ತದಾ?

ಧ್ವನಿ_ಡೆಸ್ಕ್

ಕೊನೆಯದರಿಂದ ಬರುತ್ತೇನೆ, ಅದೇ ಎಲ್ಲಕ್ಕಿಂತ ಮುಖ್ಯ. ಮಾತೂ ಅದೇ ಮಡಿಕೆಯಿಂದಲೇ ಬರುವುದು. ಹೆಡ್‌ಫೋನ್ ಹಾಕಿಕೊಂಡಾಗ ನಮ್ಮ ದನಿ ನಮಗೇ ಸರಿಯಾಗಿ ಕೇಳಿಸುವುದಿಲ್ಲ, ಗೊತ್ತಿಲ್ಲದೆ ಜೋರಾಗುತ್ತೇವೆ. ಒಂದು ಕಿವಿ ಬಿಟ್ಟುಕೊಂಡು ಮಾತಾಡಿ. ಹಬ್ಬದ ದಿನ ಸಾಧ್ಯ ಇದ್ದಷ್ಟು ಚಾಟ್‌ನಲ್ಲಿ ಬರೆದು ಕಳಿಸಿ. ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಅಂದುಕೊಳ್ಳಬೇಡಿ, ತುಂಬಾ ಜನ ಪಿಸುಗುಟ್ಟುವಾಗ ಗಂಟಲು ಇನ್ನೂ ಬಿಗಿ ಹಿಡಿಯುತ್ತಾರೆ. ಅದಕ್ಕಿಂತ ಸುಮ್ಮನಿರುವುದು ವಾಸಿ. ಹಾಡುವ ಮುಂಚೆ "ಹ್ಹ್‌ಹ್ಮ್" ಅಂತ ಕ್ಯಾಕರಿಸುವುದೂ ಬೇಡ. ಎರಡೂ ಮಡಿಕೆಯನ್ನು ಒಂದಕ್ಕೊಂದು ಅಪ್ಪಳಿಸಿದ ಹಾಗೆ ಅದು. ಕಫ ಅನ್ನಿಸಿದರೆ ಒಂದು ಗುಟುಕು ನೀರು ನುಂಗಿ.

ನೀರಿನ ಬಗ್ಗೆ ಒಂದು ತಪ್ಪು ಕಲ್ಪನೆ. ವೇದಿಕೆ ಮೇಲೆ ಕುಡಿದ ನೀರು ಧ್ವನಿ ಮಡಿಕೆ ಮೇಲೆ ಬೀಳುವುದಿಲ್ಲ. ಬಿದ್ದರೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ. ನುಂಗುವಾಗ ಆ ದಾರಿ ಮುಚ್ಚಿರುತ್ತದೆ. ಬಾಯಿ ಒಣಗುವುದು ನಿಲ್ಲುತ್ತದೆ ಅಷ್ಟೇ. ಮಡಿಕೆ ಹಸಿಯಾಗಿರಬೇಕಾದರೆ ಬೆಳಗ್ಗೆಯಿಂದ ಕುಡಿಯುತ್ತಾ ಬಂದಿರಬೇಕು. ನೇರವಾಗಿ ಅಲ್ಲಿಗೆ ಮುಟ್ಟುವುದು ಉಸಿರಿನ ಜೊತೆ ಹೋಗುವ ಹಬೆ ಮಾತ್ರ. ಬರೀ ಬಿಸಿನೀರಿನ ಹಬೆ ಸಾಕು, ಅದಕ್ಕೆ ಮುಲಾಮು ಹಾಕಬೇಡಿ.

ಜೇಷ್ಠಮಧು, ಕಲ್ಲುಸಕ್ಕರೆ ಬಾಯಲ್ಲಿ ಇದ್ದರೆ ಜೊಲ್ಲು ಊರುತ್ತದೆ, ಗಂಟಲು ನುಣ್ಣಗೆ ಅನ್ನಿಸುತ್ತದೆ, ಹಿತ. ಒಂದು ಚೂರು ತೊಂದರೆ ಇಲ್ಲ. ಬಿಪಿ ಇರುವವರು ಮಾತ್ರ ಜೇಷ್ಠಮಧುವನ್ನು ದಿನಾ ಜಾಸ್ತಿ ತಿನ್ನಬಾರದು, ಅದು ಬಿಪಿ ಏರಿಸುತ್ತದೆ. ಮೊಸರು ತಣ್ಣಗಿದೆ ಅಂತ ಗಂಟಲು ಕೆಡುವುದಿಲ್ಲ. ಆದರೆ ತಿಂದರೆ ಗಂಟಲಲ್ಲಿ ಅಂಟಿದ ಹಾಗಾಗುತ್ತದೆ ಅನ್ನುವವರಿದ್ದಾರೆ, ನಿಮಗೆ ಹಾಗಾಗುತ್ತಿದ್ದರೆ ಅವತ್ತೊಂದು ದಿನ ಬಿಡಿ. ರಾತ್ರಿ ಹನ್ನೊಂದಕ್ಕೆ ಮಸಾಲೆ ಊಟ ಮಾಡಿ ತಕ್ಷಣ ಮಲಗುವುದು ಮೊಸರಿಗಿಂತ ಕೆಟ್ಟದ್ದು, ಹೊಟ್ಟೆಯ ಹುಳಿ ಮೇಲೆ ಬಂದು ಬೆಳಗ್ಗೆ ಗಂಟಲು ಒರಟಾಗಿರುತ್ತದೆ.

ಕರೋಕೆ_ಕಿಟ್ಟಿ

ಪುದೀನ ಮಾತ್ರೆ? ನಾನು ಮದುವೆ ಆರತಕ್ಷತೆಗಳಲ್ಲಿ ಹಾಡ್ತೀನಿ, ಜೇಬಲ್ಲಿ ಇಲ್ಲದಿದ್ದರೆ ಕೈಕಾಲು ಆಡಲ್ಲ. ಒಂದು ಬಾಯಿಗೆ ಹಾಕಿಕೊಂಡರೆ ಗಂಟಲು ತಣ್ಣಗೆ, ಏನೂ ನೋವೇ ಇಲ್ಲ.

ಧ್ವನಿ_ಡೆಸ್ಕ್

ನೋವೇ ಗೊತ್ತಾಗದ ಹಾಗೆ ಮಾಡುವುದೇ ತೊಂದರೆ. ಸಾಕು ಅಂತ ಗಂಟಲು ಹೇಳಿದರೂ ನಿಮಗೆ ಕೇಳಿಸುವುದಿಲ್ಲ.

ವರ್ಣದಿಂದ_ಶುರು

ಕಿಟ್ಟಿ ಅವರೇ, ಟ್ರ್ಯಾಕ್ ಇಟ್ಟುಕೊಂಡು ಹಾಡುವವರಿಗೆ ಇನ್ನೊಂದು ಮಾತು. ಮೂಲ ಹಾಡು ಯಾವ ಶ್ರುತಿಯಲ್ಲಿದೆಯೋ ಅದರಲ್ಲೇ ಹಾಡಲೇಬೇಕು ಅನ್ನುವ ಹಟ ಬೇಡ. ಗಂಟಲು ಕಟ್ಟಿದ ದಿನ ಅರ್ಧ ಮನೆ ಇಳಿಸಿಕೊಳ್ಳಿ, ಫೋನಿನಲ್ಲೇ ಆಗುತ್ತದಲ್ಲ. ನಮಗೆ ಆ ಭಾಗ್ಯ ಇಲ್ಲ. ಕೊನೇ ಗಳಿಗೆಯಲ್ಲಿ ಶ್ರುತಿ ಇಳಿಸುತ್ತೇನೆ ಅಂದರೆ ಪಿಟೀಲಿನವರು ಹೇಗೋ ಹೊಂದಿಕೊಳ್ಳುತ್ತಾರೆ, ಮೃದಂಗದವರ ಮುಖ ನೋಡಲಾಗುವುದಿಲ್ಲ.

ಹಿಮದೂರು_ಕನ್ನಡಿಗ

ಮಿನ್ನೆಸೋಟಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಜನವರಿಯಲ್ಲಿ ಸಂಕ್ರಾಂತಿ ಕಾರ್ಯಕ್ರಮ, ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ, ಒಳಗೆ ಹೀಟರ್ ಓಡಿ ಓಡಿ ಗಾಳಿ ಹಪ್ಪಳದ ಹಾಗೆ ಒಣಗಿರುತ್ತದೆ. ಬೆಂಗಳೂರಿನಲ್ಲಿ ಹಾಡುತ್ತಿದ್ದವಳು ಇಲ್ಲಿ ಮೊದಲ ವರ್ಷ ಗಂಟಲು ನನ್ನದಲ್ಲವೇನೋ ಅಂದುಕೊಂಡೆ. ಈಗ ಮಲಗುವ ಕೋಣೆಯಲ್ಲಿ ಹ್ಯುಮಿಡಿಫೈಯರ್ ಇಡುತ್ತೇನೆ, ಕಾರಿನಲ್ಲಿ ಹೋಗುವಾಗ ಹೀಟರ್ ಗಾಳಿ ಕಾಲಿಗೆ ಮಾತ್ರ ಬರುವ ಹಾಗೆ ತಿರುಗಿಸುತ್ತೇನೆ, ಮೂಗು ಬಾಯಿಗೆ ಮಫ್ಲರ್. ಸಭಾಂಗಣ ತಲುಪಿದ ಮೇಲೆ ಹಬೆ ಎಲ್ಲಿ ಸಿಗಬೇಕು, ವಾಶ್‌ರೂಮಿನಲ್ಲಿ ಬಿಸಿನೀರಿನ ನಲ್ಲಿ ಬಿಟ್ಟು ಅದರ ಮುಂದೆ ಬಗ್ಗಿ "ಮ್" ಅಂತ ನಿಂತಿರುತ್ತೇನೆ. ಬಂದವರು ಹುಷಾರಿಲ್ಲವಾ ಅಂತ ಕೇಳುತ್ತಾರೆ. ಆ ವಾಶ್‌ರೂಮಿನಲ್ಲಿ ದನಿ ಎಷ್ಟು ಚೆನ್ನಾಗಿ ಕೇಳುತ್ತದೆ ಅಂದರೆ, ವೇದಿಕೆಗಿಂತ ಅಲ್ಲೇ ಹಾಡಿಬಿಡೋಣ ಅನ್ನಿಸುತ್ತದೆ.

ಚೌಕಿ_ಮೂಲೆ

ಬಚ್ಚಲಲ್ಲಿ ಎಲ್ಲರೂ ಭಾಗವತರೇ.

ವರ್ಣದಿಂದ_ಶುರು

ಐದುಮನೆ ಅವರೇ, ಹಬ್ಬದ ದಿನದ ಲೆಕ್ಕ ಬರೆದುಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಹಾಡಿ ನೋಡಬೇಡಿ, ಮಲಗಿ ಎದ್ದಾಗ ಗಂಟಲು ಎಲ್ಲರಿಗೂ ದಪ್ಪ, "ಅಯ್ಯೋ ಹೋಯ್ತು" ಅಂತ ದಿನವಿಡೀ ಹೆದರಿಕೊಂಡು ಕೂರುತ್ತೀರಿ. ಹತ್ತು ಗಂಟೆ ಹೊತ್ತಿಗೆ ಐದು ನಿಮಿಷ ಸ್ಟ್ರಾ. ಸಂಜೆ ಸೀರೆ ಉಡುವ ಮೊದಲು ಹದಿನೈದು ನಿಮಿಷದ ಆ ಕ್ರಮ. ಸೀರೆ ಉಡುವ ಮೊದಲು ಅಂತ ಯಾಕೆ ಹೇಳಿದೆ ಅಂದರೆ, ಸೊಂಟ ಬಿಗಿ ಕಟ್ಟಿಕೊಂಡ ಮೇಲೆ ಉಸಿರು ಎದೆಗೆ ಮೇಲೇರುತ್ತದೆ. ನೆರಿಗೆ ಸಿಕ್ಕಿಸುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಉಸಿರು ತುಂಬಿಕೊಂಡು ಸಿಕ್ಕಿಸಿ.

ಆಮೇಲೆ ನಿಮ್ಮ ಸರದಿ ಬರುವವರೆಗೆ ಕಾಯುವುದು, ಅದೇ ದೊಡ್ಡ ಅಪಾಯ. ಹೇಳಿದ ಹೊತ್ತಿಗೆ ಯಾವ ಕಾರ್ಯಕ್ರಮವೂ ಶುರುವಾಗುವುದಿಲ್ಲ. ಅರ್ಧ ಗಂಟೆ ಸುಮ್ಮನೆ ಕೂತರೆ ಗಂಟಲು ಮತ್ತೆ ತಣ್ಣಗೆ. ಚೌಕಿ ಮೂಲೆಯವರು ಹೇಳಿದ್ದು ನೆನಪಿರಲಿ, ಬಾಯೊಳಗೆ ಎತ್ತುಗಡೆ. ಹಾಡಿನ ಕ್ರಮ ಬದಲಾಯಿಸಿದಿರಾ?

ಐದುಮನೆ_ಶ್ರುತಿ

ಬದಲಾಯಿಸಿದೆ ಮೇಡಂ. ಮೊದಲು ಮಧ್ಯಮ ಕಾಲದ ಒಂದು ದಾಸರ ಪದ, ಪಂಚಮದ ಮೇಲೆ ಜಾಸ್ತಿ ಹೋಗುವುದಿಲ್ಲ. ಚಪ್ಪಾಳೆ ಹಾಡು ಕೊನೆಗೆ.

ಐದುಮನೆ_ಶ್ರುತಿ

ಹಬ್ಬ ಆಯಿತು! ವಿವರವಾಗಿ ಬರೆಯುತ್ತೇನೆ, ಕಾಯುತ್ತಿದ್ದವರು ಕೂತುಕೊಳ್ಳಿ.

ನನ್ನ ಸರದಿ ಆರೂ ಕಾಲು ಅಂದಿದ್ದರು. ಐದೂವರೆಗೆ ಸ್ಟ್ರಾ, "ಮ್", ಸರಳೆ ಎಲ್ಲ ಮಾಡಿ, ಒಂದೇ ಸಲ ಮೇಲಿನ ಷಡ್ಜ ಮುಟ್ಟಿ ಇಳಿದೆ. ಇನ್ನೊಂದು ಸಲ ನೋಡೋಣ ಅಂತ ಎಷ್ಟು ಆಸೆಯಾಯಿತು ಅಂದರೆ, ಸ್ಟ್ರಾ ಕಚ್ಚಿಕೊಂಡು ಸುಮ್ಮನಾದೆ (ಕಚ್ಚಬಾರದು, ಗೊತ್ತು). ಗಂಟಲು ಬೆಣ್ಣೆಯಂತಿತ್ತು. ಕೆಳಗೆ ಹೋದರೆ ಜನರೇಟರ್ ಕೈಕೊಟ್ಟಿದೆ. ಅದು ಸರಿಯಾಗುವ ಹೊತ್ತಿಗೆ ಆರೂ ಮುಕ್ಕಾಲು. ಆಮೇಲೆ ಸಂಘದ ಕಾರ್ಯದರ್ಶಿಗಳು ನೀರಿನ ಟ್ಯಾಂಕರ್ ಬಿಲ್ಲಿನ ಬಗ್ಗೆ ಇಪ್ಪತ್ತೈದು ನಿಮಿಷ ಮಾತಾಡಿದರು. ಗಣೇಶನ ಮುಂದೆ ಟ್ಯಾಂಕರ್ ಬಿಲ್ಲು! ನಾನು ಪಕ್ಕದಲ್ಲಿ ಕೂತು, ಮುಖದಲ್ಲಿ ನಗು ಇಟ್ಟುಕೊಂಡು, ಬಾಯೊಳಗೆ ಮೂರೂ ಹಾಡಿನ ಎತ್ತುಗಡೆ ತಿರುಗಿಸುತ್ತಾ ಇದ್ದೆ. ಪಕ್ಕದ ಆಂಟಿ ನಾನು ಮಂತ್ರ ಹೇಳುತ್ತಿದ್ದೇನೆ ಅಂದುಕೊಂಡು ಅವರೂ ಕೈ ಮುಗಿದರು.

ಮೊದಲ ಹಾಡು ಕಂಬಳಿ ಇಲ್ಲದೆ ಬಂತು. ನಿಜ ಹೇಳಬೇಕೆಂದರೆ ಎಲ್ಲವೂ ಚೆನ್ನಾಗಿರಲಿಲ್ಲ, ಎರಡನೇ ಹಾಡಿನಲ್ಲಿ ಒಂದು ಕಡೆ ಶ್ರುತಿ ಅಲ್ಲಾಡಿತು, ಮೈಕಿಗೆ ಎಕೋ ಹಾಕಿದ್ದರು, ನನ್ನ ಷಡ್ಜ ನನಗೇ ಎರಡು ಸಲ ಕೇಳುತ್ತಿತ್ತು. ಆದರೆ ಮೂರನೆಯದರ ಚರಣಕ್ಕೆ ಹೋದಾಗ, ಹೋದ ವರ್ಷ 'ಬರೀ ಗಾಳಿ' ಬಂದ ಅದೇ ಜಾಗ, ದನಿ ನಿಂತಿತು. ಅತ್ತೆ ಈ ಸಲವೂ ಬಾಟಲಿ ತೊಡೆ ಮೇಲೆ ಇಟ್ಟುಕೊಂಡೇ ಕೂತಿದ್ದರು. ಚರಣ ಮುಗಿದ ಮೇಲೆ ಮುಚ್ಚಳ ತೆಗೆದು ಅವರೇ ಕುಡಿದರು.

ಖರ್ಜದ_ಕಾಕಾ

ಶಾಬಾಸ್. ವಿಡಿಯೋ ಹಾಕ್ರಿ. ಮತ್ತೆ ನಾಳೆಯಿಂದ ಹತ್ತು ನಿಮಿಷ ಖರ್ಜ, ಒತ್ತದೆ. ಮೈಸೂರಿನ ಮೇಡಂ ಬೈದರೂ ಅಡ್ಡಿಯಿಲ್ಲ.

ವರ್ಣದಿಂದ_ಶುರು

ಬೈಯುವುದಿಲ್ಲ ಕಾಕಾ, ಮಂದ್ರ ಪಂಚಮದ ತನಕ ಮಾತ್ರ ಅಂತ ಹೇಳಿ ಸಾಕು. ಹಾಡಿ ಮುಗಿದ ಮೇಲೆ ಗಂಟಲು ಇಳಿಸಿಕೊಂಡಿರಾ ಐದುಮನೆ ಅವರೇ? ಎರಡು ನಿಮಿಷ "ಮ್" ಅಂತ ಮೇಲಿಂದ ಕೆಳಕ್ಕೆ?

ಐದುಮನೆ_ಶ್ರುತಿ

ಇಲ್ಲ ಮೇಡಂ. ಹಾಡು ಮುಗಿದ ತಕ್ಷಣ ವಿಸರ್ಜನೆಯ ಮೆರವಣಿಗೆ ಹೊರಟಿತು. ತಮಟೆ ಶಬ್ದದ ಮೇಲೆ ಒಂದೂವರೆ ಗಂಟೆ "ಗಣಪತಿ ಬಪ್ಪಾ" ಅಂತ ಕೂಗಿದ್ದೇನೆ. ಈಗ ಕೂದಲೆಳೆಯಷ್ಟೂ ದನಿ ಇಲ್ಲ. ಮಗಳು ಕೇಳಿದ್ದಕ್ಕೆಲ್ಲ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದೇನೆ. ನಾಳೆ ಒಂಬತ್ತಕ್ಕೆ ಮೀಟಿಂಗ್ ಬೇರೆ.

ಧ್ವನಿ_ಡೆಸ್ಕ್

ಹೋಯಿತು. ಎರಡು ದಿನ ಮಾತು ಕಡಿಮೆ, ನೀರು ಜಾಸ್ತಿ, ಹಬೆ, ಪಿಸುಮಾತು ಬೇಡ. ಎರಡು ಮೂರು ವಾರ ಆದರೂ ದನಿ ಒರಟಾಗೇ ಇದ್ದರೆ ಮನೆಮದ್ದು ಅಂತ ಕೂರದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಮೈಸೂರು ಕಡೆಯವರಾದರೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಧ್ವನಿಯ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ನಾಳೆಯ ಮೀಟಿಂಗಿಗೆ ಗಂಟಲು ಸರಿಯಿಲ್ಲ ಅಂತ ಈಗಲೇ ಮೆಸೇಜ್ ಹಾಕಿಬಿಡಿ.

ಚೌಕಿ_ಮೂಲೆ

ಮೀಟಿಂಗಿನಲ್ಲಿ ಪೂರ್ವರಂಗಕ್ಕೆ ಯಾರಾದರೂ ಕಿರಿಯರನ್ನು ಕೂರಿಸಿ ಮಾರಾಯ್ರೆ.

ಐದುಮನೆ_ಶ್ರುತಿ

ಕೂರಿಸಿದ್ದೇನೆ. ಟೀಮಿಗೆ ಹೊಸದಾಗಿ ಸೇರಿದ ಹುಡುಗ, ಮೊದಲ ಸಲ ಮಾತಾಡುತ್ತಿದ್ದಾನೆ. ಅವನಿಗೂ ಸ್ಟ್ರಾ ವಿಷಯ ಬರೆದು ಕಳಿಸಿದೆ. "ಮೇಡಂ, ಇದು ಪ್ರೆಸೆಂಟೇಶನ್ನಿಗಾ?" ಅಂತ ಕೇಳಿದ್ದಾನೆ.